ಮತ ಕೇಳದ ಅಭ್ಯರ್ಥಿ

ಭದ್ರಾವತಿ ಚುನಾವಣೆಗಳ ಊರು. ವಿಧಾನಸಭೆ, ನಗರಸಭೆಯ ಮಾತು ಬಿಡಿ, ಕಾರ್ಮಿಕ ಸಂಘಕ್ಕೆ ಚುನಾವಣೆ, ಸಹಕಾರ ಸಂಘಕ್ಕೆ ಚುನಾವಣೆ, ಕೊನೆಗೆ ವಕೀಲರ ಸಂಘಕ್ಕೂ ಚುನಾವಣೆ. ಎಲ್ಲ ಕರಪತ್ರಗಳ ಅಚ್ಚೂ ಒಂದೇ. ಮೇಲೆ ಕೈಮುಗಿದ ಫೋಟೊ, ಕೆಳಗೆ ಓದಿದ್ದೇನು, ಮಾಡಿದ ಸಮಾಜಸೇವೆ ಏನು ಎಂಬ ಪಟ್ಟಿ. ರಕ್ತದಾನ ಶಿಬಿರ, ಶಾಲೆ ಮಕ್ಕಳಿಗೆ ನೋಟ್‌ಪುಸ್ತಕ, ಗಣಪತಿ ಪೆಂಡಾಲಿಗೆ ಕೊಟ್ಟ ದೇಣಿಗೆ. ಓದು ಕಡಿಮೆಯಿದ್ದವರ ಕರಪತ್ರದಲ್ಲಿ ಸೇವೆಯ ಪಟ್ಟಿ ಉದ್ದವಿರುತ್ತದೆ, ಅದೂ ನ್ಯಾಯವೇ.

ಈಗ ನ್ಯೂ ಟೌನ್‌ನ ಹುಡುಗಿಯೊಬ್ಬಳು ನ್ಯಾಯಾಧೀಶೆ ಆಗಲು ಹೊರಟಳು ಎಂದಿಟ್ಟುಕೊಳ್ಳಿ. ಅಪ್ಪ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಓದಿದ್ದು ಶಿವಮೊಗ್ಗದಲ್ಲಿ ಕಾನೂನು, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದು. ಅವಳಿಗೆ ಕರಪತ್ರ ಬೇಡ. ಯಾರ ಬಾಗಿಲಿಗೂ ಹೋಗುವಂತಿಲ್ಲ, ಯಾರ ಶಿಫಾರಸೂ ನಡೆಯುವಂತಿಲ್ಲ. ಓಣಿಯ ಮಕ್ಕಳಿಗೆ ಅವಳು ಸಂಜೆ ಪುಕ್ಕಟೆ ಪಾಠ ಹೇಳಿದ್ದರೂ ಅದಕ್ಕೆ ಅರ್ಧ ಅಂಕವಿಲ್ಲ. ಇನ್ನೊಂದು ವಿಚಿತ್ರ ಕೇಳಿ: ಅವಳು ಆಯ್ಕೆಯಾದರೂ ಭದ್ರಾವತಿಯ ನ್ಯಾಯಪೀಠದಲ್ಲಿ ಅವಳನ್ನು ಕೂರಿಸುವುದಿಲ್ಲ. ಹುಟ್ಟಿದ ಊರಿಗೆ, ವಕೀಲಿಕೆ ಮಾಡಿದ ಊರಿಗೆ ನ್ಯಾಯಾಧೀಶರನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಶಾಸಕನಾಗಲು ಹೊರಟವನಿಗೆ ‘ನಮ್ಮೂರಿನವನು’ ಎಂಬುದು ದೊಡ್ಡ ಬಲ. ನ್ಯಾಯಾಧೀಶೆಗೆ ಅದೇ ಅಡ್ಡಿ.

ಹಾಗಾದರೆ ನ್ಯಾಯ ಹೇಳುವವರಿಗೆ ಊರಿನ ಸೇವೆ ಬೇಕೋ ಬೇಡವೋ? ಬೇಕು ಎನ್ನುವವರೂ ಬೇಡ ಎನ್ನುವವರೂ ಈ ಶಿವಮೊಗ್ಗ ಜಿಲ್ಲೆಯಿಂದಲೇ ಸಾಕ್ಷಿ ತರಬಹುದು.

ಮೊದಲು ಸರ್ಕಾರಿ ಲೆಕ್ಕ. ಸಂವಿಧಾನದ 234ನೇ ವಿಧಿಯ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಕೆಳಗಿನ ಹುದ್ದೆಗಳಿಗೆ ರಾಜ್ಯಪಾಲರು ಹೈಕೋರ್ಟಿನ ಜೊತೆ ಸಮಾಲೋಚಿಸಿ ನೇಮಕ ಮಾಡುತ್ತಾರೆ. ಕೆಲಸವೆಲ್ಲ ಹೈಕೋರ್ಟಿನದೇ. ಕಾನೂನು ಪದವಿ ಇರಬೇಕು, ವಕೀಲರಾಗಿ ನೋಂದಣಿ ಆಗಿರಬೇಕು. ಪೂರ್ವಭಾವಿ ಪರೀಕ್ಷೆ 100 ಅಂಕಕ್ಕೆ. ಅದು ದಾಟಿದರೆ ತಲಾ 100 ಅಂಕದ ನಾಲ್ಕು ಪತ್ರಿಕೆ, ಆಮೇಲೆ ಮೌಖಿಕ. ನಾಲ್ಕರಲ್ಲಿ ಒಂದು ಪತ್ರಿಕೆ ಪೂರ್ತಿ ಭಾಷಾಂತರಕ್ಕೆ ಮೀಸಲು, ಸಾಕ್ಷಿ ಹೇಳಿಕೆಗಳನ್ನು, ದಸ್ತಾವೇಜುಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಇನ್ನೆರಡರಲ್ಲಿ ಸಿವಿಲ್ ಮತ್ತು ಕ್ರಿಮಿನಲ್ ಪ್ರಕರಣಗಳ ಸಂಗತಿ ಕೊಟ್ಟು ಅಲ್ಲೇ ತೀರ್ಪು ಬರೆಯಿಸುತ್ತಾರೆ.

ಈ ತೀರ್ಪು ಬರೆಯುವ ಪತ್ರಿಕೆಯೇ ನಿಜವಾದ ಜರಡಿ. ಉದಾಹರಣೆಗೆ ಒಂದು ಪಾಲುಪಟ್ಟಿ ದಾವೆ ತೆಗೆದುಕೊಳ್ಳಿ. ಅಣ್ಣ ಹೇಳುತ್ತಾನೆ, ಜಮೀನು ಪಿತ್ರಾರ್ಜಿತ, ನನಗೆ ಅರ್ಧ ಬರಬೇಕು. ತಮ್ಮ ಹೇಳುತ್ತಾನೆ, ಇದು ಕಾರ್ಖಾನೆ ಸಂಬಳದಲ್ಲಿ ನಾನು ಕೊಂಡದ್ದು. ಅದಲ್ಲದೆ ಇಪ್ಪತ್ತು ವರ್ಷದ ಹಿಂದೆಯೇ ಹಿರಿಯರ ಮುಂದೆ ಬಾಯಿಮಾತಿನ ಪಾಲಾಗಿದೆ, ಅಣ್ಣ ತನ್ನ ಪಾಲು ಮಾರಿಕೊಂಡು ತಿಂದಿದ್ದಾನೆ. ತಂಗಿಯೊಬ್ಬಳಿದ್ದಾಳೆ, ಅವಳನ್ನು ಇಬ್ಬರೂ ದಾವೆಯಲ್ಲಿ ಸೇರಿಸಿಲ್ಲ. ಪರೀಕ್ಷಾರ್ಥಿ ಮೊದಲು ಮಾಡಬೇಕಾದ್ದು ವಿವಾದಾಂಶ ಎತ್ತುವುದು. ಯಾವ ಮಾತನ್ನು ಯಾರು ರುಜುವಾತು ಮಾಡಬೇಕು? ಪಿತ್ರಾರ್ಜಿತ ಎಂಬ ಮಾತಿನ ಹೊರೆ ಅಣ್ಣನ ಮೇಲೆ, ಹಿಂದೆಯೇ ಪಾಲಾಗಿದೆ ಎಂಬುದರ ಹೊರೆ ತಮ್ಮನ ಮೇಲೆ. ತಂಗಿಯಿಲ್ಲದೆ ದಾವೆ ನಿಲ್ಲುತ್ತದೆಯೇ ಎಂಬುದು ಬೇರೆಯೇ ಅಂಶ. ಇಬ್ಬರ ಗಲಾಟೆಯಲ್ಲಿ ತಂಗಿ ಕಾಣಿಸಿದಳೋ ಇಲ್ಲವೋ ಎಂಬಲ್ಲಿ ಅಭ್ಯರ್ಥಿಯ ಯೋಗ್ಯತೆ ಗೊತ್ತಾಗಿಬಿಡುತ್ತದೆ. ವಿವಾದಾಂಶ ತಪ್ಪಾದರೆ ಮುಂದಿನ ಹತ್ತು ವರ್ಷದ ವಿಚಾರಣೆಯೇ ಹಾದಿ ತಪ್ಪುತ್ತದೆ, ಮೇಲ್ಮನವಿಯಲ್ಲಿ ಕಡತ ಮತ್ತೆ ಮೊದಲಿನ ಜಾಗಕ್ಕೇ ವಾಪಸು ಬರುತ್ತದೆ.

ಇಷ್ಟನ್ನು ಕರಪತ್ರ ನೋಡಿ ಅಳೆಯಲು ಆಗುತ್ತದೆಯೆ?

ಆಗುತ್ತದೆ ಎನ್ನುತ್ತದೆ ಅಮೆರಿಕ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ನ್ಯಾಯಾಧೀಶರು ಒಂದಲ್ಲ ಒಂದು ಬಗೆಯ ಚುನಾವಣೆ ಎದುರಿಸಬೇಕು. ಟೆಕ್ಸಾಸ್‌ನಲ್ಲಂತೂ ಪಕ್ಷದ ಗುರುತಿನ ಮೇಲೆಯೇ ಸ್ಪರ್ಧೆ. ಅಲ್ಲಿ ನೆಲೆಸಿದ ನಮ್ಮವರ ಮನೆಯ ಅಂಚೆಪೆಟ್ಟಿಗೆಗೂ ನ್ಯಾಯಾಧೀಶ ಹುದ್ದೆಯ ಅಭ್ಯರ್ಥಿಯ ಕರಪತ್ರ ಬಂದು ಬೀಳುತ್ತದೆ: ಇಷ್ಟು ವರ್ಷ ಸರ್ಕಾರಿ ವಕೀಲರಾಗಿದ್ದರು, ಚರ್ಚಿನಲ್ಲಿ ಸೇವೆ ಮಾಡಿದ್ದಾರೆ, ಮಕ್ಕಳ ಆಟದ ತಂಡಕ್ಕೆ ತರಬೇತಿ ಕೊಟ್ಟಿದ್ದಾರೆ. ಹಲವು ಕಡೆ ವಕೀಲರ ಸಂಘಗಳು ಅಭ್ಯರ್ಥಿಗಳಿಗೆ ಅರ್ಹ, ಅನರ್ಹ ಎಂದು ದರ್ಜೆಯನ್ನೂ ಕೊಡುತ್ತವೆ. ಜನರಿಗೆ ಉತ್ತರ ಹೇಳಬೇಕಾದ ನ್ಯಾಯಾಧೀಶ ಎಂಬ ಈ ಕಲ್ಪನೆಯನ್ನು ಸುಮ್ಮನೆ ನಕ್ಕು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ತಾಲ್ಲೂಕು ಕೋರ್ಟಿನ ನ್ಯಾಯಾಧೀಶರ ಹೆಸರೇ ಕಕ್ಷಿದಾರನಿಗೆ ಗೊತ್ತಿರುವುದಿಲ್ಲ. ‘ಸಾಹೇಬ್ರು’ ಎಂದಷ್ಟೇ ಗೊತ್ತು.

ಆದರೆ ಚುನಾವಣೆಗೆ ಹಣ ಬೇಕು, ಹಣ ಕೊಟ್ಟವನ ಕಟ್ಲೆ ಒಂದು ದಿನ ಎದುರಿಗೆ ಬಂದೇ ಬರುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಬಂದಿತು. ಒಂದು ಕಲ್ಲಿದ್ದಲು ಕಂಪನಿಯ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪಾಗಿತ್ತು. ಮೇಲ್ಮನವಿ ಇನ್ನೂ ಬಾಕಿಯಿರುವಾಗಲೇ 2004ರಲ್ಲಿ ಅದೇ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಚುನಾವಣೆ ನಡೆಯಿತು, ಕಂಪನಿಯ ಮುಖ್ಯಸ್ಥ ಒಬ್ಬ ಅಭ್ಯರ್ಥಿಯ ಪರವಾಗಿ ಸುಮಾರು 30 ಲಕ್ಷ ಡಾಲರ್ ಸುರಿದ. ಅಭ್ಯರ್ಥಿ ಗೆದ್ದ. ಮೇಲ್ಮನವಿ ಬಂದಾಗ ಪೀಠದಿಂದ ಹಿಂದೆ ಸರಿಯಲು ಒಪ್ಪದೆ ಕಂಪನಿಯ ಪರವೇ ಮತ ಹಾಕಿದ. ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಇದು ತಪ್ಪು ಎಂದಿತು, ಅದೂ ಐದಕ್ಕೆ ನಾಲ್ಕರ ಬಹುಮತದಲ್ಲಿ! ನಾಲ್ವರಿಗೆ ಅದರಲ್ಲಿ ಸಂವಿಧಾನಕ್ಕೆ ಅಡ್ಡಬರುವಂಥದ್ದೇನೂ ಕಾಣಲಿಲ್ಲ. ಮೆಕ್ಸಿಕೊ 2025ರ ಜೂನ್ 1ರಂದು ಸುಪ್ರೀಂ ಕೋರ್ಟೂ ಸೇರಿ ಸುಮಾರು 2,600 ನ್ಯಾಯಾಂಗ ಹುದ್ದೆಗಳಿಗೆ ಜನರಿಂದಲೇ ಮತ ಹಾಕಿಸಿತು. ಮತಗಟ್ಟೆಗೆ ಬಂದವರು ನೂರಕ್ಕೆ ಹದಿಮೂರು ಜನ. ಅಷ್ಟೊಂದು ಹೆಸರುಗಳಲ್ಲಿ ಯಾರು ಯೋಗ್ಯರು ಎಂದು ಪಾಪ, ಮತದಾರನಿಗೆ ಹೇಗೆ ತಿಳಿಯಬೇಕು?

ನಮ್ಮ ಸಂಪ್ರದಾಯ ಇದಕ್ಕೆ ಪೂರ್ತಿ ತದ್ವಿರುದ್ಧ. 1997ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತನಗಾಗಿ ಒಪ್ಪಿಕೊಂಡ ನಡತೆಯ ಸೂತ್ರಗಳಲ್ಲಿ, ಕಾನೂನಿಗೆ ಸಂಬಂಧಪಟ್ಟವನ್ನು ಬಿಟ್ಟರೆ ಯಾವ ಕ್ಲಬ್ಬು, ಸಂಘದ ಚುನಾವಣೆಗೂ ನ್ಯಾಯಮೂರ್ತಿ ನಿಲ್ಲಬಾರದು ಎಂದಿದೆ. ವಕೀಲರ ಜೊತೆ ತೀರಾ ಒಡನಾಟ ಬೇಡ, ಹುದ್ದೆಯ ಘನತೆಗೆ ತಕ್ಕಷ್ಟು ದೂರ ಇರಲಿ ಎಂದೂ ಇದೆ. ಇಂಥ ನಿಯಮಗಳಿಗೆ ಜಗತ್ತಿನಾದ್ಯಂತ ಈಗ ಆಧಾರವಾಗಿರುವ ಕರಡಿಗೆ ನಮ್ಮ ರಾಜಧಾನಿಯ ಹೆಸರಿದೆ: ಬೆಂಗಳೂರು ತತ್ತ್ವಗಳು. 2001ರ ಫೆಬ್ರುವರಿಯಲ್ಲಿ ಹಲವು ದೇಶಗಳ ಮುಖ್ಯ ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಸೇರಿ ಬರೆದದ್ದು ಅದು, ಮರುವರ್ಷ ಹೇಗ್‌ನಲ್ಲಿ ಪರಿಷ್ಕಾರವಾಯಿತು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ದಕ್ಷತೆ ಮತ್ತು ಶ್ರದ್ಧೆ, ಹೀಗೆ ಆರು ಮೌಲ್ಯಗಳು. ಸಮಾಜಸೇವೆ ಅದರಲ್ಲಿ ಸೇರಿಲ್ಲ.

ಆರಗದಿಂದ ಹೊರಟವರು

ಇನ್ನು ಜಿಲ್ಲೆಯ ಸಾಕ್ಷಿಗೆ ಬರೋಣ. ಶಿವಮೊಗ್ಗದ ವಕೀಲರು ಹೆಚ್ಚಾಗಿ ಹಿಡಿದದ್ದು ಮತದ ದಾರಿಯನ್ನೇ. ಕಡಿದಾಳು ಮಂಜಪ್ಪ ತೀರ್ಥಹಳ್ಳಿಯಲ್ಲಿ ವಕೀಲಿಕೆ ಮಾಡಿ 1956ರಲ್ಲಿ ಮುಖ್ಯಮಂತ್ರಿಯಾದರು. ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಕಾನೂನು ಓದಿ ವಿಧಾನಸಭೆಗೆ ಹೋದವರು. ಬಡವರ ಕಟ್ಲೆ ಹಿಡಿದ ವಕೀಲನಿಗೆ ಊರು ಕೊಡುವ ಬಹುಮಾನ ಮತ. ಅದನ್ನು ಬಿಟ್ಟು ಪೀಠದ ಕಡೆ ತಿರುಗಿದವರು ವಿರಳ.

ಆ ವಿರಳರಲ್ಲಿ ದೊಡ್ಡ ಹೆಸರು ಎಂ. ರಾಮಾ ಜೋಯಿಸ್. ಹುಟ್ಟಿದ್ದು 1931ರ ಜುಲೈ 27ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1959ರಲ್ಲಿ ವಕೀಲರಾದರು. ತುರ್ತುಪರಿಸ್ಥಿತಿ ಘೋಷಣೆಯಾದ ಬೆನ್ನಲ್ಲೇ, 1975ರ ಜೂನ್ 26ರ ಬೆಳಿಗ್ಗೆ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲೇ ಬಂಧನಕ್ಕೊಳಗಾದರಲ್ಲ, ಆ ಬಂಧನವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ವಕೀಲರಲ್ಲಿ ಜೋಯಿಸರು ಪ್ರಮುಖರು. ಆಮೇಲೆ ತಾವೇ ಜೈಲು ಕಂಡರು. ಆಗಿನ ಸೆಂಟ್ರಲ್ ಜೈಲು ಈಗಿನ ಫ್ರೀಡಂ ಪಾರ್ಕ್. ಕರ್ನಾಟಕದ ಅರ್ಜಿಗಳೂ ಸುಪ್ರೀಂ ಕೋರ್ಟಿನ ಕುಖ್ಯಾತ ಹೇಬಿಯಸ್ ಕಾರ್ಪಸ್ ಪ್ರಕರಣದಲ್ಲಿ ಸೇರಿಕೊಂಡವು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಸೋತ ಪಕ್ಷದ ಈ ವಕೀಲರು ಮರುವರ್ಷ, 1977ರಲ್ಲಿ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1992ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಆಮೇಲೆ ಜಾರ್ಖಂಡ್, ಬಿಹಾರಗಳ ರಾಜ್ಯಪಾಲ, 2008ರಿಂದ ಆರು ವರ್ಷ ಬಿಜೆಪಿಯಿಂದ ರಾಜ್ಯಸಭೆ. ಭಾರತದ ಕಾನೂನು ಮತ್ತು ಸಂವಿಧಾನದ ಇತಿಹಾಸ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಎರಡು ಸಂಪುಟಗಳನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಓದುತ್ತಾರೆ. 2021ರ ಫೆಬ್ರುವರಿ 16ರಂದು ತೀರಿಕೊಂಡರು.

ಈ ಬದುಕನ್ನು ಕರಪತ್ರವಾಗಿ ಅಚ್ಚುಹಾಕಿದರೆ ಹೇಗಿರುತ್ತದೆ? ಒಬ್ಬ ಓದುಗನಿಗೆ ಅದು ತ್ಯಾಗದ ಪಟ್ಟಿ, ಇನ್ನೊಬ್ಬನಿಗೆ ಪಕ್ಷಪಾತದ ಪಟ್ಟಿ. ಜೋಯಿಸರ ಸೈದ್ಧಾಂತಿಕ ಒಲವು ಯಾವತ್ತೂ ಗುಟ್ಟಾಗಿರಲಿಲ್ಲ. ನಿವೃತ್ತಿಯ ಬಳಿಕ ರಾಜಭವನಕ್ಕೂ ಸಂಸತ್ತಿಗೂ ಹೋಗುವ ನ್ಯಾಯಮೂರ್ತಿಗಳ ಬಗ್ಗೆ ನನಗೂ ತಕರಾರಿದೆ, ಯಾವ ಪಕ್ಷದವರು ಕಳಿಸಿದರೂ ಸರಿ. ಆದರೆ ಸರ್ಕಾರಕ್ಕೆ ಹೆದರಿ ಎಷ್ಟೋ ಹಿರಿಯ ವಕೀಲರು ಫೈಲು ಮುಟ್ಟದಿದ್ದ ದಿನಗಳಲ್ಲಿ ಬಂಧಿತರ ವಕಾಲತ್ತಿಗೆ ಸಹಿ ಹಾಕಿದ್ದು ಮಾತ್ರ ವಕೀಲನೊಬ್ಬ ಮಾಡಬಹುದಾದ ನಿಜವಾದ ಸಮಾಜಸೇವೆ. ರಕ್ತದಾನ ಶಿಬಿರವನ್ನು ಯಾರೂ ಮಾಡಬಹುದು. ವಕಾಲತ್ತು ಹಾಕಲು ವಕೀಲನೇ ಬೇಕು.

ಆ ಹೇಬಿಯಸ್ ಕಾರ್ಪಸ್ ಪ್ರಕರಣದ ಕೊನೆಯೂ ಕನ್ನಡಿಗರೊಬ್ಬರ ಕೈಯಲ್ಲೇ ಆಯಿತು. ಜೋಯಿಸರ ಹಾಗೆಯೇ 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದ ಕೆ.ಎಸ್. ಪುಟ್ಟಸ್ವಾಮಿ, ನಿವೃತ್ತರಾಗಿ ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದೇ ತೀರ್ಪಿನಲ್ಲಿ 1976ರ ತೀರ್ಪನ್ನು ರದ್ದುಮಾಡಿತು. ನಲವತ್ತೊಂದು ವರ್ಷ ಬೇಕಾಯಿತು.

ಏಳನೇ ನಮೂನೆಯ ದಿನಗಳು

ಓದಿಗಿಂತ ಊರಿನ ತಿಳಿವಳಿಕೆ ದೊಡ್ಡದು ಎಂದು ನಂಬಿ ಈ ರಾಜ್ಯ ಒಮ್ಮೆ ನ್ಯಾಯ ಹೇಳಿಸಿದ್ದುಂಟು. ಮಲೆನಾಡಿನ ಹಿರಿಯರನ್ನು ಕೇಳಿದರೆ ‘ಡಿಕ್ಲರೇಷನ್ ಕೊಟ್ಟ ವರ್ಷ’ ಎಂದೇ ನೆನಪು ಶುರುವಾಗುತ್ತದೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಗೇಣಿದಾರರು ಎದ್ದರು. ಜಗಳ ಶುರುವಾದದ್ದು ಗೇಣಿ ಅಳೆಯುವ ಕೊಳಗದ ಗಾತ್ರದಿಂದ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಕೂಗು ಕಾನೂನಾಗಲು ದೇವರಾಜ ಅರಸರ ಕಾಲ ಬರಬೇಕಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ, ಅಂದರೆ ಹಿರಿಯರು ಹೇಳುವ ಆ ‘ಡಿಕ್ಲರೇಷನ್’, ಹಾಕಬೇಕಾಯಿತು. ಅರ್ಜಿಗೆ ಕೊನೆಯ ದಿನ ಮುಂದೂಡುತ್ತಾ ಮುಂದೂಡುತ್ತಾ 1979ರ ಜೂನ್ 30ಕ್ಕೆ ನಿಂತಿತು.

ಆ ಅರ್ಜಿಗಳನ್ನು ತೀರ್ಮಾನಿಸಿದ್ದು ಸಿವಿಲ್ ನ್ಯಾಯಾಧೀಶರಲ್ಲ. ತಾಲ್ಲೂಕಿಗೆ ಒಂದರಂತೆ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಕಾನೂನು ಓದಿರಬೇಕೆಂಬ ಷರತ್ತಿಲ್ಲ. ಅದಕ್ಕಿಂತ ಹೆಚ್ಚು, ವಕೀಲರು ಒಳಗೆ ಕಾಲಿಡುವಂತೆಯೇ ಇರಲಿಲ್ಲ, ಗೇಣಿದಾರ ಮತ್ತು ಒಡೆಯ ತಾವೇ ನಿಂತು ಮಾತಾಡಬೇಕು. ಒಡೆಯನಿಗೆ ಬೆಂಗಳೂರಿನಿಂದ ವಕೀಲನನ್ನು ತರಿಸುವ ಶಕ್ತಿ, ಗೇಣಿದಾರನಿಗೆ ಬಸ್ ಚಾರ್ಜಿಗೂ ಗತಿಯಿಲ್ಲ ಎಂಬುದನ್ನು ಬಲ್ಲವರು ಬರೆದ ನಿಯಮ ಅದು.

ಫಲ ಏನಾಯಿತು? ಗದ್ದೆಯ ಬದುವಿನ ಮೇಲೆ ನಿಂತು ‘ಇದನ್ನು ಇವನಪ್ಪನ ಕಾಲದಿಂದ ಇವನೇ ಮಾಡ್ತಿರೋದು’ ಎಂದು ಹೇಳಬಲ್ಲ ಸದಸ್ಯನಿಗೆ ಕಾಗದಪತ್ರದ ಸುಳ್ಳು ಹಿಡಿಯಲು ಗಳಿಗೆ ಸಾಕಿತ್ತು. ಸಿವಿಲ್ ಕೋರ್ಟಿನಲ್ಲಾಗಿದ್ದರೆ ಮೂರು ತಲೆಮಾರು ಹಿಡಿಯುತ್ತಿದ್ದ ವ್ಯಾಜ್ಯ ಒಂದೆರಡು ವಾಯಿದೆಯಲ್ಲಿ ಮುಗಿಯಿತು, ಮಲೆನಾಡಿನಲ್ಲಿ ಭೂಮಿ ಕೈಬದಲಾಯಿತು. ಇದೇ ತಿಳಿವಳಿಕೆ ಇನ್ನೊಂದು ಕಡೆ ವಿಷವಾಗಿಯೂ ಕೆಲಸ ಮಾಡಿತು. ನಾಮಕರಣ ರಾಜಕೀಯದ್ದಾಗಿತ್ತು. ಸದಸ್ಯನಿಗೆ ಬೇಕಾದವನೊಬ್ಬ, ಬೇಡದವನೊಬ್ಬ. ಕಾರಣ ಬರೆಯದೆ ಹೊರಬಿದ್ದ ಆದೇಶಗಳು, ಸಾಕ್ಷ್ಯ ದಾಖಲಿಸದೆ ಮುಗಿಸಿದ ವಿಚಾರಣೆಗಳು ಹೈಕೋರ್ಟಿಗೆ ರಿಟ್ ಅರ್ಜಿಗಳ ಪ್ರವಾಹವನ್ನೇ ಕಳಿಸಿದವು, ಎಷ್ಟೋ ಕಡತಗಳು ಮರುವಿಚಾರಣೆಗೆ ವಾಪಸು ಬಂದವು. ವಕೀಲರನ್ನು ಹೊರಗಿಟ್ಟ ನಿಯಮವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಹೊಡೆದುಹಾಕಿತು, ಭೂಸುಧಾರಣೆಯನ್ನು ಮಾತ್ರ ಎತ್ತಿಹಿಡಿಯಿತು.

ಮಂಡಳಿಯ ತೀರ್ಮಾನದಿಂದ ಜಮೀನು ಬಂದ ಮನೆಯವರು ಒಂದು ಕಥೆ ಹೇಳುತ್ತಾರೆ, ಕಳಕೊಂಡವರು ಇನ್ನೊಂದು ಹೇಳುತ್ತಾರೆ. ನನ್ನ ಮಟ್ಟಿಗೆ ಎರಡೂ ನಿಜ. ಜನ ಬಲ್ಲವನು ಬೇಗ ನ್ಯಾಯ ಹೇಳಬಲ್ಲ, ಅಷ್ಟೇ ಬೇಗ ಅನ್ಯಾಯವನ್ನೂ ಹೇಳಬಲ್ಲ. ಕಾರಣ ಬರೆಯುವ ಕಟ್ಟುಪಾಡು ಮತ್ತು ಮೇಲ್ಮನವಿ, ಇವೆರಡೇ ಅವನನ್ನು ಹಿಡಿದು ನಿಲ್ಲಿಸುವುದು.

ಮ್ಯಾಜಿಸ್ಟ್ರೇಟರನ್ನು ಸೋಲಿಸಬಲ್ಲ ಇಬ್ಬರು

ಸಮಾಜಸೇವೆಯನ್ನೇ ಅರ್ಹತೆಯೆಂದು ಕಾನೂನು ಬರೆದಿಟ್ಟಿರುವ ಒಂದು ಪೀಠ ಇವತ್ತಿಗೂ ಇದೆ, ಹೆಚ್ಚಿನವರಿಗೆ ಅದರ ಪರಿಚಯವಿಲ್ಲ. ಬಾಲನ್ಯಾಯ ಮಂಡಳಿ. 18 ತುಂಬದ ಹುಡುಗ ಕಳ್ಳತನದಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದರೆ ಅವನ ವಿಚಾರಣೆ ಇಲ್ಲಿ. 2015ರ ಕಾಯ್ದೆಯಂತೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಸೇವಕರು, ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಕನಿಷ್ಠ 7 ವರ್ಷ ತೊಡಗಿಕೊಂಡಿರಬೇಕು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ, ಕಾನೂನು ಇವುಗಳಲ್ಲಿ ಪದವಿ ಪಡೆದು ವೃತ್ತಿಯಲ್ಲಿರಬೇಕು.

ಇವರು ಹೂಗುಚ್ಛಕ್ಕೆ ಕೂತ ಅತಿಥಿಗಳಲ್ಲ. ಮೂವರಲ್ಲಿ ಅಭಿಪ್ರಾಯಭೇದ ಬಂದರೆ ಬಹುಮತವೇ ನಡೆಯುತ್ತದೆ. ಅಂದರೆ ಇಬ್ಬರು ಸಮಾಜಸೇವಕರು ಒಂದಾದರೆ ಮ್ಯಾಜಿಸ್ಟ್ರೇಟರ ಮಾತು ಸೋಲುತ್ತದೆ. ಮಾಮೂಲಿ ಕ್ರಿಮಿನಲ್ ಕೋರ್ಟುಗಳಲ್ಲಿ ಕಾನೂನು ಓದದವರಿಗೆ ಇಷ್ಟು ಅಧಿಕಾರವಿಲ್ಲ. ಕೂರುವ ಕೋಣೆಯೂ ಕೋರ್ಟಿನ ಹಾಗಿರಬಾರದು, ಕಟಕಟೆ ಇರಬಾರದು. ಹುಡುಗ ಶಾಲೆ ಬಿಟ್ಟದ್ದು ಯಾವಾಗ, ಮನೆಯಲ್ಲಿ ಕುಡಿಯುವವರು ಯಾರು, ಜೊತೆಗಾರರು ಯಾರು ಎಂಬ ಸಾಮಾಜಿಕ ತನಿಖೆಯ ವರದಿ ಮುಂದಿಟ್ಟುಕೊಂಡು ಮಾತಾಡಬೇಕು.

ಕಾರ್ಖಾನೆ ಊರಿಗೆ ಇದರ ಅರ್ಥ ಚೆನ್ನಾಗಿ ಗೊತ್ತಾಗಬೇಕು. 1918ರಲ್ಲಿ ಶುರುವಾಗಿ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ವಿಐಎಸ್‌ಎಲ್ ಕಾರ್ಖಾನೆಯನ್ನು ಮುಚ್ಚುವುದೆಂದು ಸೇಲ್ ಸಂಸ್ಥೆ 2023ರ ಜನವರಿಯಲ್ಲಿ ತೀರ್ಮಾನಿಸಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಪೇಪರ್ ಟೌನ್‌ನ ಎಂಪಿಎಂ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಇಂಥ ಊರಿನಲ್ಲಿ ಹುಡುಗರು ಯಾಕೆ ಹಾದಿ ತಪ್ಪುತ್ತಾರೆ ಎಂಬುದು ಎಫ್‌ಐಆರ್‌ನಲ್ಲಿ ಬರೆದಿರುವುದಿಲ್ಲ. ಅದನ್ನು ಓದಬಲ್ಲವರು ಪೀಠದಲ್ಲಿ ಒಬ್ಬರಾದರೂ ಬೇಕು. ಮೂರು ವರ್ಷದ ಅವಧಿಯ ಈ ಸ್ಥಾನಗಳಿಗೆ ಸರ್ಕಾರ ಅರ್ಜಿ ಕರೆದಾಗ ನಿವೃತ್ತ ಶಿಕ್ಷಕಿಯರು, ಅಂಗನವಾಡಿಯ ಕೆಲಸ ಬಲ್ಲವರು ಹಾಕಲಿ. ಇದನ್ನು ಪಕ್ಷದ ಕಾರ್ಯಕರ್ತರ ಪುನರ್ವಸತಿ ಕೇಂದ್ರ ಮಾಡಿಕೊಂಡರೆ ಭೂ ನ್ಯಾಯಮಂಡಳಿಯ ಕಥೆಯೇ ಮರುಕಳಿಸುತ್ತದೆ.

ಮೂರು ವರ್ಷದ ಸರ್ಟಿಫಿಕೇಟು

ಮತ್ತೆ ನಮ್ಮ ನ್ಯೂ ಟೌನ್ ಹುಡುಗಿಯ ಮಾತು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಅವಳ ಲೆಕ್ಕ ಬದಲಾಗಿದೆ. ಇನ್ನು ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು.

ಈ ನಿಯಮದ್ದೊಂದು ಹಾವು ಏಣಿ ಆಟ. 1993ರಲ್ಲಿ ಸುಪ್ರೀಂ ಕೋರ್ಟೇ ಮೂರು ವರ್ಷ ಬೇಕು ಎಂದಿತ್ತು. ಆಮೇಲೆ ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ 1999ರಲ್ಲಿ ವರದಿ ಕೊಟ್ಟು, ಈ ಷರತ್ತಿನಿಂದ ಚುರುಕಿನ ಹುಡುಗ ಹುಡುಗಿಯರು ನ್ಯಾಯಾಂಗದ ಕಡೆ ತಲೆಹಾಕುತ್ತಿಲ್ಲ, ತೆಗೆದುಹಾಕಿ ಎಂದಿತು. 2002ರಲ್ಲಿ ಕೋರ್ಟು ಅದನ್ನು ಒಪ್ಪಿತು. ಇಪ್ಪತ್ತು ವರ್ಷ ಕಾಲೇಜಿನಿಂದ ನೇರ ಪೀಠಕ್ಕೆ ಬಂದವರನ್ನು ನೋಡಿದ ಮೇಲೆ ಹಲವು ಹೈಕೋರ್ಟುಗಳು ಗೊಣಗಿದವು, ಈಗ ಮತ್ತೆ ಮೂರು ವರ್ಷ. ಹತ್ತು ವರ್ಷ ಅನುಭವವಿರುವ ವಕೀಲರು ಬರೆದುಕೊಟ್ಟು, ಆ ಊರಿನ ನ್ಯಾಯಾಧಿಕಾರಿ ಮೇಲುರುಜು ಹಾಕಿದ ಸರ್ಟಿಫಿಕೇಟು ಬೇಕು.

ಎರಡು ಕಡೆಯೂ ಹುರುಳಿದೆ. ಪಾಟೀಸವಾಲಿನಲ್ಲಿ ಬೆವೆತ ಸಾಕ್ಷಿಯನ್ನು ನೋಡದವನು, ನಕಲು ಅರ್ಜಿಗೆ ಗುಮಾಸ್ತರ ಮುಂದೆ ನಿಂತು ಅನುಭವವಿಲ್ಲದವನು ಕೋರ್ಟನ್ನು ಮೇಲಿನಿಂದಷ್ಟೇ ನೋಡುತ್ತಾನೆ. ಆದರೆ ಜೂನಿಯರ್ ವಕೀಲಿಕೆಯ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ವಾಯಿದೆ ಕೇಳುವ ಕೆಲಸ, ಸೀನಿಯರ್ ಕೊಡುವ ಪೆಟ್ರೋಲ್ ಕಾಸು. ತಾತನ ಆಫೀಸಿನಲ್ಲಿ ಕೂರಬಲ್ಲವನಿಗೆ ಮೂರು ವರ್ಷ ಏನೂ ಅಲ್ಲ. ಅಪ್ಪನ ಗುತ್ತಿಗೆ ಕೆಲಸ ಇವತ್ತೋ ನಾಳೆಯೋ ಎಂದಿರುವ ಮನೆಯ ಹುಡುಗಿಗೆ ಅದು ದೊಡ್ಡ ಮೊತ್ತ. ಮನೆಯಲ್ಲಿ ಮದುವೆಯ ಮಾತೂ ಅದೇ ಮೂರು ವರ್ಷದಲ್ಲೇ ಎದ್ದಿರುತ್ತದೆ. ಇನ್ನು ಸರ್ಟಿಫಿಕೇಟಿನ ವಿಷಯ: ಕೋರ್ಟಿನ ಮೆಟ್ಟಿಲು ಹತ್ತದೆಯೂ ಅದನ್ನು ಸಂಪಾದಿಸುವ ದಾರಿಗಳನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೇವೆಗೆ ಜಾಗವಿರುವುದು ಇಲ್ಲಿ ಎಂಬುದು ನನ್ನ ವಾದ. ಈ ಮೂರು ವರ್ಷದಲ್ಲಿ ಕಾನೂನು ಸೇವಾ ಸಮಿತಿಯ ಪರವಾಗಿ ಇಂತಿಷ್ಟು ಪ್ರಕರಣ ನಡೆಸಿರಬೇಕು ಎಂದು ಹೈಕೋರ್ಟು ನಿಯಮ ಮಾಡಲಿ, ಅದಕ್ಕೆ ಬದುಕುವಷ್ಟು ಗೌರವಧನವನ್ನೂ ಕೊಡಿಸಲಿ. ಜೈಲಿನಲ್ಲಿ ಜಾಮೀನುದಾರ ಸಿಗದೆ ಕೂತವನ ಅರ್ಜಿ, ಜೀವನಾಂಶಕ್ಕೆ ಅಲೆಯುವ ಹೆಂಗಸಿನ ಅರ್ಜಿ, ಬಾಕಿ ಕೂಲಿಯ ಅರ್ಜಿ. ಇವಕ್ಕೆ ಕೋರ್ಟಿನಲ್ಲಿ ದಾಖಲೆಯಿದೆ, ಹಾಜರಿಯಿದೆ, ಆದೇಶದ ಹಾಳೆಯಲ್ಲಿ ವಕೀಲರ ಹೆಸರಿದೆ, ಯಾರೂ ಸುಳ್ಳು ಹೇಳಲಾಗುವುದಿಲ್ಲ. ಸರ್ಟಿಫಿಕೇಟಿನ ಗೊಡವೆಯೇ ತಪ್ಪುತ್ತದೆ, ಬಡ ಮನೆಯ ಅಭ್ಯರ್ಥಿಗೂ ಕೈಗೆ ನಾಲ್ಕು ಕಾಸು ಬರುತ್ತದೆ. ನ್ಯಾಯಾಧೀಶೆಯ ಮುಖ ಜನರಿಗೆ ಗೊತ್ತಿರಬೇಕಾಗಿಲ್ಲ, ಜನರ ಪಾಡು ಅವಳಿಗೆ ಗೊತ್ತಿದ್ದರೆ ಸಾಕು.

ಆಯ್ಕೆಯಾದ ಮೇಲೆ ಹೇಗೂ ಅವಳು ಈ ಕೆಲಸದಿಂದ ತಪ್ಪಿಸಿಕೊಳ್ಳುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಅಧ್ಯಕ್ಷರು. ಶನಿವಾರದ ಲೋಕ ಅದಾಲತ್ತು, ಹಾಸ್ಟೆಲು ಶಾಲೆಗಳಲ್ಲಿ ಕಾನೂನು ಅರಿವಿನ ಭಾಷಣ, ಜೈಲಿನ ಭೇಟಿ ಎಲ್ಲ ಹುದ್ದೆಯ ಜೊತೆಗೇ ಬರುತ್ತವೆ. ಅದಾಲತ್ತಿನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸು.

ಈ ಕಾಯ್ದೆಯ 12ನೇ ಕಲಮನ್ನು ಭದ್ರಾವತಿಯವರು ಒಮ್ಮೆ ಓದಿಕೊಳ್ಳಬೇಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕನ ಹೆಸರೂ ಇದೆ. ನ್ಯೂ ಟೌನ್‌ನ ಗುತ್ತಿಗೆ ಕಾರ್ಮಿಕನೂ ಕೇಳಬಹುದು. ಕೋರ್ಟಿನ ಆವರಣದಲ್ಲಿರುವ ಸಮಿತಿಯ ಕಚೇರಿಗೆ ಬಿಳಿ ಹಾಳೆಯ ಮೇಲೆ ಅರ್ಜಿ ಕೊಟ್ಟರೆ ನಡೆಯುತ್ತದೆ, ಅಥವಾ ಫೋನಿನಲ್ಲಿ 15100 ಒತ್ತಿ.